ಹಳೇ ಲಾರಿ ಎಂಜಿನ್ ಎಷ್ಟು ಎಚ್‌ಪಿ? ಪಂಪಿನ ತಗಡು ಓದಿ

ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕ ನನ್ನದು ಡೀಸೆಲ್ ಗ್ಯಾರೇಜು. ಹೋದ ಬೇಸಿಗೆಯಲ್ಲಿ ಚನ್ನಗಿರಿ ಕಡೆಯ ಅಡಿಕೆ ತೋಟದ ಗೌಡ್ರೊಬ್ಬರು ಗುಜರಿಯಿಂದ ಒಂದು ಟಾಟಾ ಎಂಜಿನ್ ಹೇರಿಕೊಂಡು ಬಂದರು. "130 ಎಚ್‌ಪಿ ಐತಂತ್ರೀ, 100 ಕೆವಿಎ ಆಲ್ಟರ್ನೇಟರ್ ಕೂಡಿಸಿಕೊಡ್ರಿ" ಅಂದರು. ಆಲ್ಟರ್ನೇಟರ್ ಅಂದರೆ ಎಂಜಿನ್ ತಿರುಗಿಸಿದರೆ ಕರೆಂಟ್ ಹುಟ್ಟಿಸೋದು; ಅವರಿಗೆ ತೋಟಕ್ಕೆ ಜನರೇಟರ್ ಆಗಬೇಕಿತ್ತು. ಯಾರು ಹೇಳಿದ್ರು ಅಂದರೆ, ಲಾರಿ ಮೇಲೆ 1613 ಅಂತ ಇತ್ತಂತೆ.

ಆ ನಂಬರ್ ಸುಳ್ಳಲ್ಲ. ಹಳೇ ಟಾಟಾ ಲಾರಿಗಳಲ್ಲಿ ಮೊದಲ ಎರಡಂಕಿ ಲೋಡು ಸೇರಿದ ಒಟ್ಟು ತೂಕ, ಟನ್ ಲೆಕ್ಕದಲ್ಲಿ. ಕೊನೆಯ ಎರಡಂಕಿಗೆ ಸೊನ್ನೆ ಹಚ್ಚಿದರೆ ಹೆಚ್ಚುಕಮ್ಮಿ ಎಚ್‌ಪಿ. ಆದರೆ ಅದು ಲಾರಿ ಫ್ಯಾಕ್ಟರಿ ಬಿಟ್ಟಾಗಿನ ಮಾತು. ಆಮೇಲೆ ಅದರ ಹೊಟ್ಟೆಯಲ್ಲಿ ಯಾವ ಎಂಜಿನ್ ಬಂದು ಕೂತಿದೆಯೋ ಯಾರಿಗೆ ಗೊತ್ತು? ಆರ್‌ಸಿ ಇದ್ದರೆ ಅದರಲ್ಲಿ ಎಂಜಿನ್ ನಂಬರ್, ಸಿಸಿ ಎಲ್ಲ ಸಿಗುತ್ತೆ. ಗುಜರಿ ಮಾಲಿಗೆ ಆರ್‌ಸಿ ಎಲ್ಲಿಂದ ತರೋದು!

ಬ್ಲಾಕಿನ ಮೇಲೆ ಪಂಚ್ ಮಾಡಿದ ನಂಬರನ್ನು ಡೀಸೆಲ್ ಹಾಕಿ ತಿಕ್ಕಿ, ಮೇಲೆ ಸೀಮೆಸುಣ್ಣ ಸವರಿದೆ. 697 ಅಂತ ಶುರುವಾಯಿತು. 6 ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ). 692 ಆಗಿದ್ದರೆ ಬೋರ್ 92. 697ರ ಪಕ್ಕದಲ್ಲೇ ಟಿಸಿ ಅಂತಿದ್ದರೆ ಟರ್ಬೊ ಎಂಜಿನ್. ಇದರಲ್ಲಿ ಟಿಸಿ ಇರಲಿಲ್ಲ, ಟರ್ಬೊನೂ ಇರಲಿಲ್ಲ.

ಹೆಡ್ ಹೇಗೂ ಬಿಚ್ಚಬೇಕಿತ್ತು, ಗ್ಯಾಸ್ಕೆಟ್ ಹೋಗಿತ್ತು. ಅಳತೆನೂ ನೋಡಿಬಿಟ್ಟೆ. ಬೋರನ್ನು ಕೆಳಗಡೆ ಅಳೀಬೇಕು, ಮೇಲೆ ರಿಂಗ್ ಓಡಾಡಿ ಸವೆದಿರುತ್ತೆ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ, 128 ಮಿ.ಮೀ. ಬಂತು. ಲೆಕ್ಕ ಹಾಕಿದರೆ 5,675 ಸಿಸಿ. ಮರ್ಸಿಡಿಸ್‌ನ ಓಎಂ 352 ಎಂಜಿನ್ನಿನದೂ ಇದೇ ಅಳತೆ. 1954ರಿಂದ 1969ರವರೆಗೆ ಟಾಟಾದವರು ಬೆಂಜ್ ಜೊತೆ ಸೇರಿ ಲಾರಿ ಮಾಡಿದರಲ್ವಾ, ಆ ನಂಟು. ಸಿಸಿ ಒಂದನ್ನೇ ನಂಬಬೇಡಿ. ಕಮ್ಮಿನ್ಸ್ 5.9 ಎಂಜಿನ್ನಿನದು 5,883 ಸಿಸಿ, ಹತ್ತಿರ ಹತ್ತಿರ ಬರುತ್ತೆ. ಆದರೆ ಅದರ ಬೋರ್ 102, ಸ್ಟ್ರೋಕ್ 120. ಸ್ಟ್ರೋಕ್ ನೋಡಿದರೆ ಅನುಮಾನ ಉಳಿಯಲ್ಲ.

ಇಷ್ಟಾದರೂ ಗೊತ್ತಾಗಿದ್ದು ಎಂಜಿನ್ ಯಾವುದು ಅಂತ ಮಾತ್ರ. ಎಷ್ಟು ಎಚ್‌ಪಿ ಅನ್ನೋದನ್ನ ಬ್ಲಾಕ್ ಹೇಳಲ್ಲ. ಅದೇ ಬ್ಲಾಕಿಗೆ, ಸಿಲಿಂಡರಿಗೆ ಡೀಸೆಲ್ ಕೊಡೋ ಪಂಪಿನಲ್ಲಿ ಡೀಸೆಲ್ ಜಾಸ್ತಿ ಬಿಟ್ಟರೆ ಒಂದು, ಕಮ್ಮಿ ಬಿಟ್ಟರೆ ಇನ್ನೊಂದು. ಅದಕ್ಕೇ ನಾನು ಮೈಕೋ (ಈಗಿನ ಬಾಷ್) ಪಂಪಿನ ಮೇಲಿನ, ಮಾಡೆಲ್ ನಂಬರ್ ಇರೋ ತಗಡು ಹುಡುಕೋದು. ಅದನ್ನು ಎಮರಿ ಪೇಪರಿನಲ್ಲಿ ಉಜ್ಜಬೇಡಿ, ಅಕ್ಷರವೇ ಹೋಗುತ್ತೆ. ಡೀಸೆಲ್‌ನಲ್ಲಿ ನೆನೆಸಿದ ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಪಿಇಎಸ್ 6ಎ ಅಂತಿದ್ದರೆ 6 ಸಿಲಿಂಡರಿನ ಎ ಸೈಜ್ ಪಂಪು. ಅದರ ಮುಂದಿನ ಅಂಕಿ ಪಂಪಿನೊಳಗೆ ಡೀಸೆಲ್ ತಳ್ಳೋ ಪ್ಲಂಜರ್ ದಪ್ಪ, 95 ಅಂದರೆ 9.5 ಮಿ.ಮೀ.

ಪಂಪಿಗೆ ಕೂಡಿದ, ಎಂಜಿನ್ ಓಟ ಹಿಡಿತದಲ್ಲಿಡೋ ಗವರ್ನರಿನ ತಗಡಿನಲ್ಲಿ ಆರ್‌ಎಸ್‌ವಿ 350-1400 ಅಂತಿತ್ತು. ನನಗೆ ಬೇಕಾಗಿದ್ದು ಇದೇ. 350 ಸ್ಲೋ ಓಟ, 1400 ಫುಲ್ ಲೋಡಿನ ಓಟ, ನಿಮಿಷಕ್ಕೆ ಇಷ್ಟು ಸುತ್ತು ಅಂತ; ಎರಡೂ ಪಂಪಿನವು. ಪಂಪು ಒಂದು ಸುತ್ತು ತಿರುಗುವಷ್ಟರಲ್ಲಿ ಕ್ರ್ಯಾಂಕ್ ಎರಡು ಸುತ್ತು. ಅಂದರೆ ಎಂಜಿನ್ 2,800 ಆರ್‌ಪಿಎಂಗೆ ಸೆಟ್ ಆಗಿದೆ. ಗೌಡ್ರ 130 ಎಚ್‌ಪಿ ನಿಜವೇ ಆಗಿದ್ದರೂ ಅದು 2,800ರ ಓಟದಲ್ಲಿ.

ಜನರೇಟರ್ ಓಡೋದು 1,500ರಲ್ಲಿ, 50 ಹರ್ಟ್ಜ್ ಬೇಕಲ್ಲ. 130ನ್ನು 1,500ರಿಂದ ಗುಣಿಸಿ 2,800ರಿಂದ ಭಾಗಿಸಿದರೆ ಸುಮಾರು 70 ಎಚ್‌ಪಿ. ಕಡಿಮೆ ಓಟದಲ್ಲಿ ಟಾರ್ಕ್ (ತಿರುಗಿಸೋ ಬಲ) ಸ್ವಲ್ಪ ಏರುತ್ತೆ, ನಿಜ. ಆದರೆ ಲಾರಿ ಎಂಜಿನ್ನಿಗೆ ಇಳಿಜಾರಲ್ಲಾದರೂ ಪುರಸೊತ್ತು ಸಿಗುತ್ತೆ, ಜನರೇಟರಿಗೆ ಅದೂ ಇಲ್ಲ. ಸವೆದ ಎಂಜಿನ್ ಬೇರೆ. 100 ಕೆವಿಎ ಅಂದರೆ 80 ಕಿಲೋವ್ಯಾಟ್, ಇದು 70 ಎಚ್‌ಪಿ ಅಂದರೆ 52 ಕಿಲೋವ್ಯಾಟ್ ಒಳಗೇ. "40 ಕೆವಿಎ ಹಾಕೋಣ್ರಿ" ಅಂದೆ. ಗೌಡ್ರು ಮುಖ ಸಣ್ಣ ಮಾಡಿದರು. ತೋಟದ ಮೋಟರ್‌ಗಳ ಲೆಕ್ಕ ಕೂಡಿಸಿ ನೋಡಿದರೆ ಅದಕ್ಕಿಂತ ಜಾಸ್ತಿ ಬೇಕಾಗೇ ಇರಲಿಲ್ಲ.

ಪಂಪನ್ನು ಪಂಪ್ ರೂಮಿಗೆ ಕಳಿಸಿ, ಗವರ್ನರನ್ನು 750ಕ್ಕೆ (ಪಂಪಿನ ಓಟ, ಎಂಜಿನ್ನಿಗೆ 1,500) ಸೆಟ್ ಮಾಡಿಸಿದೆ. ಸೆಟ್ ಮಾಡಿದ ಓಟವನ್ನೇ ಹಿಡಿಯೋ ಆರ್‌ಎಸ್‌ವಿ ಇದ್ದಿದ್ದಕ್ಕೆ ಇಷ್ಟಕ್ಕೇ ಮುಗೀತು. ತಗಡಿನಲ್ಲಿ ಬರೀ ಆರ್‌ಕ್ಯೂ ಅಂತಿದ್ದರೆ ಅದು ಸ್ಲೋ ಮತ್ತು ಫುಲ್ ಓಟವನ್ನಷ್ಟೇ ಹಿಡಿಯುತ್ತೆ, ನಡುವಿನದು ಡ್ರೈವರ್ ಕಾಲಿಗೆ ಬಿಟ್ಟಿದ್ದು. ಅಂಥ ಪಂಪನ್ನು ಜನರೇಟರಿಗೆ ಹಾಗೇ ಕೂಡಿಸಬೇಡಿ. ಮೋಟರ್ ಆನ್ ಆದಾಗೊಮ್ಮೆ, ಆಫ್ ಆದಾಗೊಮ್ಮೆ ವೋಲ್ಟೇಜ್ ಕುಣಿಯುತ್ತೆ.