ನಗುವಿಗೂ ಒಂದು ಮೈಕ್: ಕಾಮಿಡಿ ಮೆಟಲ್ ಬ್ಯಾಂಡ್ ರೆಕಾರ್ಡ್ ಮಾಡಿದ ನನ್ನ ಅನುಭವ

ಮೆಟಲ್ ಅಂದರೆ ಅಬ್ಬರದ ರಾಕ್ ಸಂಗೀತ. ಅಂಥ ಬ್ಯಾಂಡಿನಲ್ಲಿ ತಮಾಷೆ ಹಾಡು ಹಾಡುತ್ತೀವಿ ಅಂದರೆ ಜನ ಮೊದಲು ಅಂದುಕೊಳ್ಳುವುದು, ಇವರಿಗೆ ಸರಿಯಾಗಿ ನುಡಿಸೋಕೆ ಬರಲ್ಲ, ಅದಕ್ಕೇ ಜೋಕು ಅಂತ. ರೆಕಾರ್ಡಿಂಗಿಗೆ ಕೂತಾಗ ನನಗಿದ್ದ ದೊಡ್ಡ ತಲೆನೋವು ಇದೇ. ನುಡಿಸೋದರಲ್ಲಿ ಒಂಚೂರು ಸಡಿಲ ಬಿಟ್ಟರೂ ಕೇಳುವವರು ಜೋಕಿಗೆ ನಗುವುದಿಲ್ಲ, ನಮ್ಮನ್ನು ನೋಡಿ ನಗುತ್ತಾರೆ.

ನಮ್ಮದು ಐದು ಜನರ ಬ್ಯಾಂಡ್. ನಾನು ರಿದಮ್ ಗಿಟಾರ್. ರೆಕಾರ್ಡಿಂಗ್, ಮಿಕ್ಸಿಂಗ್ ಕೂಡ ನನ್ನ ತಲೆಗೇ ಬಿದ್ದಿದೆ. ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಕೂರುವ ತಾಳ್ಮೆ ಉಳಿದ ನಾಲ್ವರಿಗೂ ಇಲ್ಲ. ಒಂದು ಸ್ಟುಡಿಯೋ ಆಲ್ಬಮ್, ಒಂದು ಲೈವ್ ಆಲ್ಬಮ್ ಮಾಡಿದೆವು. ಹಾಡುಗಳು ಹೆಚ್ಚುಕಡಿಮೆ ಅವೇ. ಆದರೆ ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೇ ಬರಲಿಲ್ಲ.

ಸಂಗೀತ ನೆಟ್ಟಗಿರಬೇಕು ಅನ್ನೋದು ನಾನು ಕಂಡುಹಿಡಿದದ್ದಲ್ಲ. 1984ರ ತಮಾಷೆ ಸಿನಿಮಾದಿಂದ ಹೆಸರಾದ ಸ್ಪೈನಲ್ ಟ್ಯಾಪ್ ಬ್ಯಾಂಡಿನ ಮುಖ್ಯ ಮೂವರೂ ನಟರು. ಆದರೂ ಗಿಟಾರು, ಬೇಸು ಅವರೇ ನುಡಿಸಿದರು, ಹಾಡೂ ಅವರೇ ಹಾಡಿದರು. ಬ್ರಿಟನ್ನಿನ ಬ್ಯಾಡ್ ನ್ಯೂಸ್ ಅನ್ನೋ ತಮಾಷೆ ಬ್ಯಾಂಡಿನ 1987ರ ಆಲ್ಬಮ್ಮಿಗೆ ಪ್ರೊಡ್ಯೂಸರ್ ಆಗಿದ್ದವರು ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ. ಟೆನೇಷಿಯಸ್ ಡಿ ಅನ್ನೋ ತಮಾಷೆ ಜೋಡಿಯ 2001ರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ಸ್ ನುಡಿಸಿದ್ದು ನಿರ್ವಾಣ ಬ್ಯಾಂಡಿನಲ್ಲಿದ್ದ ಡೇವ್ ಗ್ರೋಲ್. ಅದೇ ಜೋಡಿಗೆ 2015ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಬಂತು. ಬಂದದ್ದು ಜೋಕಿಗಲ್ಲ, ಮೆಟಲ್ ಹಾಡುಗಾರ ರಾನಿ ಜೇಮ್ಸ್ ಡಿಯೋ ಅವರ ಹಾಡೊಂದನ್ನು ಮನಸಿಟ್ಟು ಹಾಡಿದ್ದಕ್ಕೆ.

ನಮ್ಮ ಹಾಡುಗಳಲ್ಲಿ ಜನ ಜಾಸ್ತಿ ಕೇಳೋದು ಲಿಫ್ಟಿನ ಹಾಡು. ಒಬ್ಬ ಯೋಧ ಲಿಫ್ಟಿನಲ್ಲಿ ಎಂಟನೇ ಮಹಡಿಗೆ ಹೋಗುತ್ತಾನೆ. ಅಷ್ಟೇ ಕತೆ. ಹಾಡುವ ರೀತಿ ಮಾತ್ರ ಮಹಾಯುದ್ಧಕ್ಕೆ ಹೊರಟಂತೆ. ಒಂದೊಂದು ಮಹಡಿ ಏರಿದಾಗಲೂ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಏಳನೇ ಮಹಡಿಗೆ ಬರುವಷ್ಟರಲ್ಲಿ ಹಾಡುಗಾರನ ಗಂಟಲು ಹರಿಯುವ ಸ್ಥಿತಿ. ಆಗ ಎಲ್ಲ ವಾದ್ಯ ಥಟ್ಟನೆ ನಿಲ್ಲುತ್ತದೆ. ‘ಟಿಂಗ್’ ಅಂತ ಲಿಫ್ಟಿನ ಗಂಟೆ. ಬಾಗಿಲು ತೆರೆಯುತ್ತದೆ. ಒಬ್ಬ ಒಳಗೆ ಬಂದು ಮೆಲ್ಲಗೆ ಕೇಳುತ್ತಾನೆ: “ಕೆಳಗೆ ಹೋಗುತ್ತಾ?”

ಸ್ಟುಡಿಯೋದಲ್ಲಿ ಈ ಹಾಡು ನಮಗೆ ಎಲ್ಲದಕ್ಕಿಂತ ಜಾಸ್ತಿ ಕೆಲಸ ಕೊಟ್ಟಿತು. ಮೆಟಲ್ ರಿಫ್‌ನ, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ, ಭಾರವೆಲ್ಲ ಇರುವುದು ಅತಿ ಕೆಳ ಶ್ರುತಿಯ ದಪ್ಪ ತಂತಿಯನ್ನು ಬೆರಳಿಡದೆ, ಅಂಗೈಯಲ್ಲಿ ಒತ್ತಿಹಿಡಿದು ಹೊಡೆಯುವುದರಲ್ಲಿ. ಶ್ರುತಿ ಅರ್ಧ ಸ್ವರ ಏರಿದ ಕೂಡಲೇ ಆ ಖಾಲಿ ತಂತಿ ಕೈಬಿಟ್ಟು ಹೋಗುತ್ತದೆ. ಮೇಲೆ ಹೋದಂತೆಲ್ಲ ರಿಫ್ ತೆಳುವಾಗುತ್ತದೆ. ಸ್ಟುಡಿಯೋ ಅಲ್ವಾ, ಪ್ರತಿ ಮಹಡಿಗೂ ಗಿಟಾರನ್ನು ಬೇರೆ ಶ್ರುತಿಗೆ ಕಟ್ಟಿ, ತುಂಡು ತುಂಡಾಗಿ ರೆಕಾರ್ಡ್ ಮಾಡಬಹುದು. ಹಾಗೂ ಮಾಡಿ ಕೇಳಿದೆವು. ಎಂಟೂ ಮಹಡಿ ಒಂದೇ ಸಮ ಭಾರ, ಭರ್ಜರಿ ಸೌಂಡು. ಆದರೆ ನಗು ಬರಲಿಲ್ಲ. ಯೋಧನಿಗೆ ಕಷ್ಟವೇ ಆಗುತ್ತಿಲ್ಲ ಅನ್ನಿಸಿತು. ಕೊನೆಗೆ ಒಂದೇ ಗಿಟಾರಿನಲ್ಲಿ, ಏರುತ್ತಾ ಏರುತ್ತಾ ಬಡಕಲಾಗುವ ರಿಫ್ ಅನ್ನೇ ಇಟ್ಟುಕೊಂಡೆವು.

ಹಾಡುಗಾರಿಕೆಗೂ ಅದೇ ಲೆಕ್ಕ. ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಎತ್ತರದ ಸಾಲುಗಳನ್ನು ಗಂಟಲು ತಾಜಾ ಇರುವಾಗ ಮೊದಲು ಹಾಡಿಸಿಬಿಡುತ್ತಾರೆ. ಇಲ್ಲಿ ನಾನು ನೆಲಮಹಡಿಯಿಂದ ಶುರುಮಾಡಿ ಮೇಲಿನವರೆಗೆ ನಿಲ್ಲಿಸದೆ ಹಾಡಿಸಿದೆ. ಸುಸ್ತು ಕೂಡುತ್ತಾ ಹೋಗಬೇಕಿತ್ತು. ಏಳನೇ ಮಹಡಿಯಲ್ಲಿ ಅವನ ದನಿ ಒಡೆದಿದೆ, ಶ್ರುತಿ ಕೂದಲೆಳೆಯಷ್ಟು ಕೆಳಗಿದೆ. ಅದನ್ನು ಸಾಫ್ಟ್‌ವೇರಿನಲ್ಲಿ ಮೇಲೆತ್ತೋದು ಎರಡು ನಿಮಿಷದ ಕೆಲಸ. ಸುಮ್ನೆ ಬಿಟ್ಟೆ. ಅವನು ಮಾತ್ರ ಇವತ್ತಿಗೂ “ಅದೊಂದು ಸರಿ ಮಾಡು ಗುರು” ಅಂತ ಬೇಡಿಕೊಳ್ಳುತ್ತಾನೆ.

ಕಾಮಿಡಿ ಮೆಟಲ್ಲಿನಲ್ಲಿ ಹಾಡಿನ ಮಾತು ಕೇಳಿಸಬೇಕು. ಹೇಳೋಕೆ ಸುಲಭ. ಮಾತಿನ ಸ್ಪಷ್ಟತೆ ಬಹುಪಾಲು ವ್ಯಂಜನಗಳಲ್ಲಿ ಇರುತ್ತದೆ, ಅವು ಬದುಕುವುದು ಸುಮಾರು 2,000ದಿಂದ 5,000 ಹರ್ಟ್ಜ್ ಸುತ್ತಮುತ್ತ. ಡಿಸ್ಟಾರ್ಷನ್ ಹಾಕಿ ಒರಟು ಮಾಡಿದ ಗಿಟಾರಿನ ಕಚ್ಚುವ ಸದ್ದೂ ಅಲ್ಲೇ. ಕಿಕ್ ಡ್ರಮ್ಮಿನ ‘ಟಕ್’ ಕೂಡ ಅಲ್ಲೇ. ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಬೇರೆ ಮೆಟಲ್ ಬ್ಯಾಂಡುಗಳಿಗೆ ಮಾತು ಅರ್ಧ ಕೇಳಿಸಿದರೂ ನಡೆಯುತ್ತದೆ, ಗ್ರೋಲ್ ಅಂದರೆ ಗಂಟಲಿನಿಂದ ಗರ್ಜಿಸಿ ಹಾಡುವುದು, ಅದರ ಆವೇಶವೇ ಸಾಕು. ನಮಗೆ ಸಾಲಿನ ಕೊನೇ ಪದ ಹೋದರೆ ಹಾಡೇ ಹೋಯಿತು.

ಮಿಕ್ಸಿನಲ್ಲಿ ಇದಕ್ಕೆ ದಾರಿಗಳಿವೆ. ರಿದಮ್ ಗಿಟಾರನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಳ್ಳಿದರೆ ನಡುವೆ ದನಿಗೆ ಜಾಗ ಸಿಗುತ್ತದೆ. ದನಿ ಬಂದಾಗ ಮಾತ್ರ ಗಿಟಾರಿನ 3,000 ಹರ್ಟ್ಜ್ ಸುತ್ತ ಎರಡು ಮೂರು ಡೆಸಿಬಲ್ ತಗ್ಗುವಂತೆ ಸೈಡ್‌ಚೈನ್ ಹಾಕಿದೆ. ಗಿಟಾರಿನ ಗೇನ್, ಅಂದರೆ ಡಿಸ್ಟಾರ್ಷನ್ನಿನ ಪ್ರಮಾಣ, ಕೂಡ ಇಳಿಸಿದೆ. ಎರಡು ಟ್ರ್ಯಾಕ್ ಸೇರಿದಾಗ ಡಿಸ್ಟಾರ್ಷನ್ ತಾನಾಗಿ ದಪ್ಪ ಕೇಳಿಸುತ್ತದೆ, ಒಂಟಿ ಗಿಟಾರಿನಷ್ಟು ಗೇನ್ ಬೇಕಿಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಇದೆಲ್ಲ ಮುಲಾಮು. ನಿಜವಾದ ಮದ್ದು ಹಾಡು ಕಟ್ಟುವಾಗಲೇ ಹಾಕಬೇಕು. ಪಂಚ್‌ಲೈನ್ ಬರುವ ಪದದಲ್ಲಿ ಗಿಟಾರ್ ನಿಲ್ಲಬೇಕು, ಇಲ್ಲವೇ ಅಂಗೈ ಒತ್ತಿದ ಚಿಕ್ಕ ಹೊಡೆತಕ್ಕೆ ಇಳಿಯಬೇಕು. ಪಂಚ್‌ಲೈನನ್ನು ಗ್ರೋಲ್‌ನಲ್ಲಿ ಹಾಡಬಾರದು. ಗ್ರೋಲ್‌ನಲ್ಲಿ ಸ್ವರಾಕ್ಷರಗಳ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಪದ ಕಲಸಿಹೋಗುತ್ತದೆ. ಜೋಕಿಗೆ ಬುನಾದಿ ಹಾಕುವ ಸಾಲು ಗ್ರೋಲ್‌ನಲ್ಲಿ, ಜೋಕು ಮಾಮೂಲಿ ದನಿಯಲ್ಲಿ. ಹೀಗೆ ಮಾಡಿದರೆ ಇನ್ನೊಂದು ಲಾಭವಿದೆ. ರಾಕ್ಷಸನಂತೆ ಗರ್ಜಿಸುತ್ತಿದ್ದವನು ದಿಢೀರನೆ ಸಭ್ಯವಾಗಿ ಮಾತಾಡಿದರೆ ಅದೇ ಅರ್ಧ ನಗು.

ಮಿಕ್ಸ್ ಪರೀಕ್ಷೆಗೆ ಬ್ಯಾಂಡಿನವರ ಕಿವಿಯನ್ನು ನಂಬಲೇಬಾರದು. ನಮಗೆಲ್ಲ ಮಾತು ಬಾಯಿಪಾಠ, ಕೇಳಿಸದಿದ್ದರೂ ಕೇಳಿಸುತ್ತದೆ. ಹಾಡು ಗೊತ್ತಿಲ್ಲದ ಒಬ್ಬರಿಗೆ ಫೋನಿನ ಸ್ಪೀಕರಿನಲ್ಲಿ ಹಾಕಿ, ಏನು ಹಾಡಿದರು ಹೇಳಿ ಅನ್ನುತ್ತಿದ್ದೆ. ಹೇಳೋಕೆ ಆಗದ ಸಾಲಿಗೆ ಮತ್ತೆ ಕೈಹಾಕುತ್ತಿದ್ದೆ.

ಆ ‘ಟಿಂಗ್’ ಆದಮೇಲಿನ ಮೌನ ಎಷ್ಟು ಉದ್ದ ಇರಬೇಕು? ಹಾಡಿನ ವೇಗ ನಿಮಿಷಕ್ಕೆ 190 ಬೀಟ್. ಒಂದು ಬೀಟಿಗೆ ಸುಮಾರು 316 ಮಿಲಿಸೆಕೆಂಡ್. ನಾಲ್ಕು ಬೀಟ್ ಬಿಟ್ಟರೆ ಒಂದೂಕಾಲು ಸೆಕೆಂಡು. ಕಾಗದದಲ್ಲಿ ಚಿಕ್ಕದು, ಹೆಡ್‌ಫೋನಿನಲ್ಲಿ ಒಂಟಿಯಾಗಿ ಕೇಳುವಾಗ ಜಾಸ್ತಿಯೇ ಅನ್ನಿಸುತ್ತದೆ. ಸ್ಟುಡಿಯೋ ಆಲ್ಬಮ್ ಕೇಳುವವರ ಪಕ್ಕದಲ್ಲಿ ನಗುವ ಜನ ಇರುವುದಿಲ್ಲ. ಆ ಖಾಲಿ ಜಾಗವನ್ನು ಯಾರೂ ತುಂಬುವುದಿಲ್ಲ. ಮೂರು ಬೀಟಿಗೆ ಇಳಿಸಿದೆ. ಆಗ ತಾಳ ಒಂದು ಬೀಟ್ ಮುರಿಯಿತು, ಪ್ರಶ್ನೆ ಸ್ವಲ್ಪ ಬೇಗ ಬಂದು ಎರಗಿತು. ಅದು ಕೆಲಸ ಮಾಡಿತು.

ಗಂಟೆಯ ಸದ್ದು ಗಿಟಾರಿಗಿಂತ ತುಂಬಾ ಸಣ್ಣದಿರಬೇಕು. ಮಾಸ್ಟರಿಂಗಿನಲ್ಲಿ, ಅಂದರೆ ಆಲ್ಬಮ್ಮಿಗೆ ಕೊನೇ ರೂಪ ಕೊಡುವಾಗ, ಜೋರು ಸದ್ದಿಗೆ ಮಿತಿ ಹಾಕುವ ಲಿಮಿಟರ್ ಒತ್ತಿ ಹಿಡಿದರೆ ಸಣ್ಣದು ದೊಡ್ಡದು ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ, ಲಿಫ್ಟಿನ ಗಂಟೆ ದೇವಸ್ಥಾನದ ಗಂಟೆಯಾಗಿಬಿಡುತ್ತದೆ. ಸ್ಪಾಟಿಫೈನಂಥವು ಹೇಗಿದ್ದರೂ ಹಾಡುಗಳ ಮಟ್ಟವನ್ನು ಸಮ ಮಾಡುತ್ತವೆ, ಅವರು ಇಟ್ಟುಕೊಂಡಿರುವುದು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ). ಸುಮ್ನೆ ಜೋರು ಮಾಡಿ ಗೆಲ್ಲೋದೇನಿಲ್ಲ. ಹಾಗಾಗಿ ಮಾಸ್ಟರನ್ನು ಮೆಟಲ್ ಆಲ್ಬಮ್ಮುಗಳ ವಾಡಿಕೆಗಿಂತ ಮೆತ್ತಗೇ ಬಿಟ್ಟೆ.

ಲೈವ್ ರೆಕಾರ್ಡಿಂಗಿನಲ್ಲಿ ವಾದ್ಯಗಳದ್ದು ದೊಡ್ಡ ವಿಷಯವೇ ಅಲ್ಲ. ಡಿಜಿಟಲ್ ಮಿಕ್ಸರಿನಿಂದ ಪ್ರತಿ ಚಾನಲ್ಲೂ ಬೇರೆ ಬೇರೆಯಾಗಿ ಕಂಪ್ಯೂಟರಿಗೆ ಹೋಗುತ್ತದೆ. ಮಟ್ಟ ಕೆಳಗಿಟ್ಟು, ಶಿಖರಗಳು ಮೈನಸ್ 12 ಡೆಸಿಬಲ್ ದಾಟದ ಹಾಗೆ ನೋಡಿಕೊಂಡೆ. ಸೌಂಡ್ ಚೆಕ್‌ನಲ್ಲಿ ಹೊಡೆಯುವುದಕ್ಕಿಂತ ಜನರ ಮುಂದೆ ಡ್ರಮ್ಮರ್ ಯಾವಾಗಲೂ ಜೋರಾಗಿ ಹೊಡೆಯುತ್ತಾನೆ.

ಕಷ್ಟ ಇರುವುದು ಜನರನ್ನು ರೆಕಾರ್ಡ್ ಮಾಡುವುದರಲ್ಲಿ. ವೇದಿಕೆಯ ಎರಡೂ ಅಂಚಿನಲ್ಲಿ ಜನರ ಕಡೆ ಮುಖ ಮಾಡಿ ಎರಡು ಮೈಕ್ ಇಟ್ಟೆ, ಅವುಗಳ ಬೆನ್ನು ಸ್ಪೀಕರುಗಳ ಕಡೆಗೆ. ಇನ್ನೆರಡು ಹಿಂದೆ, ಮಿಕ್ಸರ್ ಹತ್ತಿರ. ಮುಂದಿನ ಮೈಕಿನಲ್ಲಿ ಒಬ್ಬೊಬ್ಬರ ನಗು ಬಿಡಿಬಿಡಿಯಾಗಿ ಸಿಗುತ್ತದೆ, ಹಿಂದಿನದರಲ್ಲಿ ಸಭೆಯ ನಗು ಒಟ್ಟಾಗಿ ಸಿಗುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮಿಕ್ಸರ್ 20 ಮೀಟರ್ ದೂರದಲ್ಲಿದ್ದರೆ ಸ್ಪೀಕರಿನ ಸದ್ದು ಅಲ್ಲಿಗೆ 58 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಹಾಗೇ ಮಿಕ್ಸಿಗೆ ಸೇರಿಸಿದರೆ ಪ್ರತಿ ಸ್ನೇರ್ ಹೊಡೆತವೂ ಎರಡೆರಡು ಸಲ ಕೇಳಿಸುತ್ತದೆ. ಆ ಟ್ರ್ಯಾಕನ್ನು ಅಷ್ಟು ಮುಂಚೆ ಬರುವಂತೆ ಎಳೆದು ಕೂರಿಸಿದೆ. ನಗು ಕೂಡ ಅಷ್ಟೇ ಬೇಗ ಬರುತ್ತದೆ, ಆದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ನಗು ಹೇಗಿದ್ದರೂ ಜೋಕು ಮುಗಿದು ಅರ್ಧ ಸೆಕೆಂಡಾದ ಮೇಲೆ ತಾನೇ ಶುರುವಾಗೋದು?

ಇಯರ್‌ಫೋನ್ ಮಾನಿಟರ್ ಹಾಕಿಕೊಂಡು ನುಡಿಸುವ ಬ್ಯಾಂಡಿಗೆ ಜನ ನಗುತ್ತಿರುವುದೇ ಕೇಳಿಸುವುದಿಲ್ಲ. ಕಿವಿ ಪೂರ್ತಿ ಮುಚ್ಚಿರುತ್ತದೆ. ಹಾಡುಗಾರ ನಗುವಿನ ಮೇಲೆಯೇ ಮುಂದಿನ ಸಾಲು ಹಾಡಿಬಿಡುತ್ತಾನೆ. ಅದಕ್ಕೇ ಮುಂದಿನ ಎರಡು ಮೈಕುಗಳನ್ನು ನಮ್ಮೆಲ್ಲರ ಕಿವಿಗೂ ಕೊಟ್ಟೆ. ತಾಳ ತಪ್ಪದಿರಲಿ ಅಂತ ಕಿವಿಗೆ ಬರುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್ ಟ್ರ್ಯಾಕ್ ಕೂಡ ‘ಟಿಂಗ್’ ಹತ್ತಿರ ನಿಂತುಬಿಡುತ್ತದೆ. ಡ್ರಮ್ಮರ್ ಪಕ್ಕದಲ್ಲಿ ಒಂದು ಪ್ಯಾಡ್ ಇದೆ. “ಕೆಳಗೆ ಹೋಗುತ್ತಾ?” ಆದಮೇಲೆ ನಗು ಏರಿ, ಇಳಿಯೋಕೆ ಶುರುವಾಗಿ, ಪೂರ್ತಿ ಸಾಯುವ ಮುಂಚೆ ಅವನು ಆ ಪ್ಯಾಡ್ ಬಾರಿಸುತ್ತಾನೆ. ಕ್ಲಿಕ್ ಮತ್ತೆ ಶುರು, ಡ್ರಮ್ಸಿನ ಅತಿ ವೇಗದ ಬ್ಲಾಸ್ಟ್ ಬೀಟ್ ಶುರು, ಶ್ರುತಿ ದಡದಡನೆ ಕೆಳಗಿಳಿಯುತ್ತದೆ. ಸ್ಟುಡಿಯೋದಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ ಇದ್ದ ಜಾಗ ಲೈವ್‌ನಲ್ಲಿ ನಾಲ್ಕೈದು ಸೆಕೆಂಡು ಹಿಗ್ಗುತ್ತದೆ. ಬ್ಯಾಂಡಿನ ನಿಜವಾದ ಕಾಮಿಡಿಯನ್ ಡ್ರಮ್ಮರ್ ಅನ್ನೋದು ನನ್ನ ಗಟ್ಟಿ ನಂಬಿಕೆ.

ವೇಷದ್ದೂ ಒಂದು ಕಾಟ. ನಮ್ಮ ಹಾಡುಗಾರ ತಗಡಿನ ಕವಚ ಹಾಕುತ್ತಾನೆ. ಗಿಟಾರ್ ಇದ್ದಾಗ ಪರವಾಗಿಲ್ಲ, ಮೌನ ಬಂದಾಗ ಮಾತ್ರ ಕವಚದ ‘ಗಲಗಲ’ ಅವನ ಮೈಕಿನೊಳಗೆ. ಇದನ್ನು ಮಿಕ್ಸಿನಲ್ಲಿ ತೆಗೆಯೋಕೆ ಹೋಗಲಿಲ್ಲ. ತಗಡು ತಗಡಿಗೆ ತಾಗುವ ಕಡೆಯೆಲ್ಲ ಒಳಗೆ ದಪ್ಪ ಬಟ್ಟೆ ಅಂಟಿಸಿದೆವು.

ಮಿಕ್ಸ್ ಮಾಡುವಾಗ ಜನರ ಮೈಕನ್ನು ನಗು ಬಂದಾಗ ಮಾತ್ರ ಎತ್ತಿ, ಆಮೇಲೆ ಮುಚ್ಚಿದರೆ ಟಿವಿ ಹಾಸ್ಯ ಧಾರಾವಾಹಿಯ ಡಬ್ಬಿ ನಗು ಆಗುತ್ತದೆ. ಆ ಮೈಕುಗಳು ಹಾಡಿನುದ್ದಕ್ಕೂ ಸ್ವಲ್ಪ ತೆರೆದೇ ಇರಬೇಕು. ನಗು ಬರುವ ಕಡೆ ನಾಲ್ಕೈದು ಡೆಸಿಬಲ್ ನಿಧಾನವಾಗಿ ಏರಬೇಕು, ಇನ್ನೂ ನಿಧಾನವಾಗಿ ಇಳಿಯಬೇಕು. ಜೋರು ಸದ್ದನ್ನು ತಾನಾಗಿ ತಗ್ಗಿಸುವ ಕಂಪ್ರೆಸರಿಗೆ ಈ ಕೆಲಸ ಬಿಟ್ಟರೆ ಅದು ಸಿಂಬಲ್‌ಗೆ ಹೆದರಿ ನಗುವನ್ನು ಅದುಮುತ್ತದೆ. ಕೈಯಲ್ಲೇ ಒಂದೊಂದು ಕಡೆಯೂ ಏರಿಳಿಸಿದೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ. ಎಡಗಡೆ ಮೈಕಿನ ಮುಂದೆ ಒಬ್ಬ ಅಭಿಮಾನಿ ನಿಂತಿದ್ದ. ಎಲ್ಲ ಹಾಡೂ ಅವನಿಗೆ ಗೊತ್ತು. ಪ್ರತಿ ಜೋಕಿಗೂ ಒಂದು ಸೆಕೆಂಡು ಮುಂಚೆಯೇ ನಕ್ಕುಬಿಡುತ್ತಿದ್ದ. ಇಡೀ ಆಲ್ಬಮ್ಮಿನಲ್ಲಿ ಪಂಚ್‌ಲೈನಿಗೆ ಮುಂಚಿನ ಆ ಒಂದು ಸೆಕೆಂಡು ಎಡಗಡೆ ಮೈಕ್ ಪೂರ್ತಿ ಬಂದ್.

ಲೈವ್ ಆಲ್ಬಮ್ಮಿನಲ್ಲಿ ಆಮೇಲೆ ಎಷ್ಟು ರಿಪೇರಿ ಮಾಡಬಹುದು ಅಂತ ನಮ್ಮಲ್ಲೇ ಜಗಳ ಆಯಿತು. ಒಂದು ಹಾಡಿನಲ್ಲಿ ನನ್ನ ಕೇಬಲ್ ಕೈಕೊಟ್ಟು ಗಿಟಾರ್ ಅರ್ಧ ಪದ್ಯ ಇರಲೇ ಇಲ್ಲ. ಅದನ್ನು ಆಮೇಲೆ ನುಡಿಸಿ ಸೇರಿಸಿದೆ, ನನಗೇನೂ ಸಂಕೋಚವಿಲ್ಲ. ಆದರೆ ಒಂದು ಕಡೆಯ ನಗುವನ್ನು ಎತ್ತಿ ಇನ್ನೊಂದು ಕಡೆ ಇಡಲಿಲ್ಲ. ಹಾಡುಗಳ ನಡುವೆ ಹೇಳಿದ ಒಂದು ಜೋಕಿಗೆ ಯಾರೂ ನಗಲಿಲ್ಲ. ಒಬ್ಬರು ಕೆಮ್ಮಿದರು. ಬೇಸಿಸ್ಟ್ ಮೈಕಿನಲ್ಲಿ “ಮುಂದಿನ ಹಾಡು” ಅಂದ. ಅದಕ್ಕೆ ಜನ ಬಿದ್ದು ಬಿದ್ದು ನಕ್ಕರು. ಕೆಮ್ಮಿನ ಸಮೇತ ಹಾಗೇ ಆಲ್ಬಮ್ಮಿನಲ್ಲಿದೆ.

ಹಾಡುಗಳ ನಡುವಿನ ಮಾತುಗಳಿಗೆ ಬೇರೆ ಟ್ರ್ಯಾಕ್ ಕೊಟ್ಟೆವು. ಜೋಕು ಒಂದೆರಡು ಸಲ ಕೇಳಿದರೆ ಮುಗಿಯಿತು, ಹಾಡನ್ನು ಜನ ಮತ್ತೆ ಮತ್ತೆ ಹಾಕಿಕೊಳ್ಳುತ್ತಾರೆ. ಮಾತು ದಾಟಿ ನೇರ ಹಾಡಿಗೆ ಹೋಗೋಕೆ ಆಗಬೇಕಲ್ಲ. ಸಾಲಾಗಿ ಕೇಳುವವರಿಗೆ ನಡುವೆ ಬಿರುಕು ಕೇಳಿಸದಂತೆ ಟ್ರ್ಯಾಕ್ ಒಡೆಯುವ ಜಾಗವನ್ನು ಚಪ್ಪಾಳೆಯ ಮಧ್ಯದಲ್ಲಿ ಇಟ್ಟೆ. ಲಿಫ್ಟಿನ ಹಾಡಿಗೆ ಮಾತ್ರ ಮುಂಚಿನ ಮಾತನ್ನು ಅಂಟಿಸಿಯೇ ಬಿಟ್ಟೆವು. ಎಷ್ಟನೇ ಮಹಡಿಗೆ ಹೋಗಬೇಕು ಅಂತ ಹಾಡುಗಾರ ಜನರನ್ನು ಕೇಳುತ್ತಾನೆ, ಅವರು ಕೂಗಿ ಹೇಳುತ್ತಾರೆ. ಅದಿಲ್ಲದೆ ಹಾಡು ಶುರುವಾದ ಹಾಗೇ ಅನ್ನಿಸುವುದಿಲ್ಲ.