ಕಡಲ ಈಜಿನ ಗಾಬರಿ: ನಾನು ರೂಢಿಸಿಕೊಂಡ ಕ್ರಮ

ಪೂಲಿನಲ್ಲಿ ಎರಡು ಕಿಲೋಮೀಟರ್ ಸಲೀಸಾಗಿ ಈಜುವವರಿಗೂ ಗೋವಾದ ಮಿರಾಮಾರ್ ಕಡಲಲ್ಲಿ, ಐರನ್‌ಮ್ಯಾನ್ 70.3ರ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) 1.9 ಕಿ.ಮೀ. ಈಜಿನ ಮೊದಲ ಇನ್ನೂರು ಮೀಟರಿನಲ್ಲೇ ದಮ್ಮು ಕಟ್ಟಬಹುದು. ಅಲ್ಲಿ ನೀರು ಬೆಚ್ಚಗಿರುತ್ತದೆ, ಚಳಿಯ ಮಾತಿಲ್ಲ. ತಳ ಕಾಣುವುದಿಲ್ಲ, ಹಿಡಿಯಲು ಗೋಡೆಯಿಲ್ಲ, ಪಕ್ಕದವರ ಕೈ ಮುಖಕ್ಕೆ ಬಡಿಯುತ್ತದೆ. ಗೊತ್ತಾಗದಂತೆ ಉಸಿರು ಬಿಗಿಹಿಡಿಯುತ್ತೇವೆ. ಗಾಳಿ ಸಾಲದು ಅನ್ನಿಸುವುದು ಹೆಚ್ಚಾಗಿ ಆಮ್ಲಜನಕ ಕಡಿಮೆಯಾಗಿ ಅಲ್ಲ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗದೆ. ತುಂಬಿದ ಎದೆಗೆ ಇನ್ನಷ್ಟು ಎಳೆದುಕೊಂಡರೆ ಪ್ರಯೋಜನವಿಲ್ಲ.

ಹಾಗಾಗಿ ನನ್ನ ಅಭ್ಯಾಸವೆಲ್ಲ ಉಸಿರು ಬಿಡುವುದರದ್ದೇ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಗುಳ್ಳೆ ಬಿಡುತ್ತಿರಬೇಕು. ವಾರಕ್ಕೊಮ್ಮೆ 50 ಮೀಟರ್ ಜೋರಾಗಿ ಈಜಿ, ಗೋಡೆ ಮುಟ್ಟದೆ ಅಂಗಾತ ತೇಲಿ ಹತ್ತು ಉಸಿರು, ಮತ್ತೆ ಈಜು. ಹೀಗೆ ಎಂಟು ಸಲ. ಒಂದೇ ಲೇನಿನಲ್ಲಿ ಮೂವರು ಅಕ್ಕಪಕ್ಕ ಮೈ ತಾಗಿಸಿಕೊಂಡು ಈಜುವುದೂ ಬೇಕು. ಹೆಚ್ಚಿನವರು ಬಿಟ್ಟುಬಿಡುವ ಅಭ್ಯಾಸ ಇದು, ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದೂ ಇದೇ.

ರೇಸಿನ ದಿನ ಮೊದಲೇ ನೀರಿಗಿಳಿಯಲು ಬಿಟ್ಟರೆ ಮುಖ ಮುಳುಗಿಸಿ ಒಂದೆರಡು ನಿಮಿಷ ಗುಳ್ಳೆ ಬಿಡುತ್ತೇನೆ. ಗುಂಪಿನ ಅಂಚಿನಲ್ಲಿ ನಿಲ್ಲುತ್ತೇನೆ. ಮೊದಲ ಇನ್ನೂರು ಮೀಟರ್ ಬೇಕೆಂದೇ ನಿಧಾನ, ಎರಡು ಕೈಗೊಂದು ಉಸಿರು.

ಗಾಬರಿ ಬಂದೇಬಿಟ್ಟರೆ ನೀರಿನಲ್ಲಿ ನೆಟ್ಟಗೆ ನಿಲ್ಲಲು ಹೋಗಬೇಡಿ. ಕಾಲು ಇಳಿಯುತ್ತದೆ, ಅಲೆ ಬಾಯಿಗೇ ಬರುತ್ತದೆ. ಅಂಗಾತ ತಿರುಗಿ, ಕಿವಿ ಮುಳುಗುವಂತೆ ತಲೆ ಹಿಂದಕ್ಕೆ ಬಿಡಿ. ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ, ಹತ್ತು ಸಲ. ಆಮೇಲೆ ದಾರಿ ತೋರಿಸಲು ನೀರಿನಲ್ಲಿ ತೇಲಿಬಿಟ್ಟ ಗುರುತಿನ ಬೂಯ್ ನೋಡುತ್ತಾ ಇಪ್ಪತ್ತು ಬ್ರೆಸ್ಟ್‌ಸ್ಟ್ರೋಕ್, ನಂತರವೇ ಫ್ರೀಸ್ಟೈಲ್. ಆಗಲೂ ಆಗದಿದ್ದರೆ ಕೈ ಮೇಲೆತ್ತಿ ಕಾವಲಿನವರ ಕಯಾಕ್ (ಸಣ್ಣ ದೋಣಿ) ಹಿಡಿದುಕೊಳ್ಳಿ. ಮುಂದಕ್ಕೆ ಸಾಗದೆ ಹಿಡಿದು ಸುಧಾರಿಸಿಕೊಳ್ಳಲು ಐರನ್‌ಮ್ಯಾನ್ ನಿಯಮ ಒಪ್ಪುತ್ತದೆ.

ವಿದೇಶದ ತಣ್ಣೀರಿನ ಕತೆ ಬೇರೆ. 15 ಡಿಗ್ರಿಗಿಂತ ಕೆಳಗೆ ಮೈ ತಾನಾಗಿಯೇ ಏದುಸಿರು ಬಿಡುತ್ತದೆ. ಎರಡು-ಮೂರು ನಿಮಿಷ ತೇಲಿ, ಅದು ಇಳಿದ ಮೇಲಷ್ಟೇ ಈಜು. ಚಳಿ ತಡೆಯಲು ತೊಡುವ ಬಿಗಿ ರಬ್ಬರ್ ಉಡುಪು, ಅಂದರೆ ವೆಟ್‌ಸೂಟನ್ನು ತೊಡೆಸಂದಿನಿಂದ ಭುಜದವರೆಗೆ ಪೂರ್ತಿ ಮೇಲಕ್ಕೆಳೆಯದಿದ್ದರೆ ಎದೆ, ಕತ್ತು ಬಿಗಿದು ಗಾಬರಿಯಂತೆಯೇ ಅನ್ನಿಸುತ್ತದೆ.

ಕೆಮ್ಮು ನಿಲ್ಲದಿದ್ದರೆ, ಎದೆಯಲ್ಲಿ ಗೊರಗೊರ ಸದ್ದು, ನೊರೆ ಅಥವಾ ಗುಲಾಬಿ ಬಣ್ಣದ ಕಫ ಕಂಡರೆ ಅದನ್ನು ಗಾಬರಿ ಎಂದುಕೊಳ್ಳಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ಉಸಿರೆಣಿಸಿದರೆ ಹೋಗುವುದಿಲ್ಲ. ತಕ್ಷಣ ಕೈಯೆತ್ತಿ ನೀರಿನಿಂದ ಹೊರಬನ್ನಿ, ಮಲಗದೆ ನೆಟ್ಟಗೆ ಕೂತು ವೈದ್ಯರನ್ನು ಕರೆಸಿ.