ಅನುವಾದಗೊಂಡ ಸುದ್ದಿಯ ಇಂಗ್ಲಿಷ್ ತಿದ್ದುವಾಗ

ಕನ್ನಡದಿಂದ ಇಂಗ್ಲಿಷಿಗೆ ಅನುವಾದಗೊಂಡ ವರದಿ ಕೈಗೆ ಬಂದಾಗ ನಾನು ಮೊದಲು ಮೂಲವನ್ನು ನೋಡುವುದಿಲ್ಲ. ಕನ್ನಡ ಬಾರದವರ ಹಾಗೆ ಇಂಗ್ಲಿಷ್ ಪ್ರತಿಯನ್ನಷ್ಟೇ ಓದುತ್ತೇನೆ. ಎಡವಿದ ಕಡೆ ಗುರುತು ಹಾಕುತ್ತೇನೆ, ತಿದ್ದುವುದಿಲ್ಲ. ಮೂಲ ತಲೆಯಲ್ಲಿದ್ದರೆ ಬಿಟ್ಟುಹೋದದ್ದನ್ನೆಲ್ಲ ಮನಸ್ಸೇ ತುಂಬಿಕೊಂಡುಬಿಡುತ್ತದೆ.

ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೂರುತ್ತೇನೆ. 'ಸ್ಥಳಕ್ಕೆ ಬಂದು, ಪರಿಶೀಲಿಸಿ, ಜನರೊಂದಿಗೆ ಮಾತನಾಡಿ, ಪರಿಹಾರದ ಭರವಸೆ ನೀಡಿದರು' ಎಂಬುದು ಕನ್ನಡದಲ್ಲಿ ಸಲೀಸಾಗಿ ಸಾಗುತ್ತದೆ. ಅದೇ ಸರಪಳಿಯನ್ನು ಇಂಗ್ಲಿಷಿಗೆ ಎಳೆದರೆ ವಾಕ್ಯ ಕುಂಟುತ್ತದೆ. ಇಲ್ಲಿ ಸುದ್ದಿ ಯಾವುದು? ಭರವಸೆ. ಯಾರು, ಯಾರಿಗೆ, ಏನು ಭರವಸೆ ಕೊಟ್ಟರು ಎಂಬುದನ್ನು ಮೊದಲ ವಾಕ್ಯಕ್ಕೆ ತಂದು, ಉಳಿದದ್ದನ್ನು ಕೆಳಗಿಳಿಸುತ್ತೇನೆ.

ನನ್ನ ಹೆಚ್ಚಿನ ಹೊತ್ತು ಹೋಗುವುದು 'ಎನ್ನಲಾಗಿದೆ', 'ತಿಳಿದುಬಂದಿದೆ'ಗಳ ಮೇಲೆ. ಅನುವಾದದಲ್ಲಿ ಇವು 'ಇಟ್ ಈಸ್ ಸೆಡ್ ದಟ್' ಎಂದು ಬಂದಿರುತ್ತವೆ. ಅಳಿಸಿಹಾಕಿದರೆ ವಾಕ್ಯ ಚುರುಕಾಗುವುದು ನಿಜ, ಆದರೆ ಆರೋಪವೊಂದು ಸತ್ಯಸಂಗತಿಯ ವೇಷ ತೊಡುತ್ತದೆ. ಅದಕ್ಕೇ ವರದಿಗಾರರಿಗೆ ಫೋನ್ ಮಾಡಿ ಹೇಳಿದವರು ಯಾರೆಂದು ಕೇಳುತ್ತೇನೆ. ಪೊಲೀಸರೋ, ದೂರುದಾರರೋ, ಎಫ್‌ಐಆರ್‌ನಲ್ಲಿ ಇದೆಯೋ? ಉತ್ತರ ಸಿಕ್ಕಿದರೆ ಹೆಸರಿಸುತ್ತೇನೆ, ಸಿಗದಿದ್ದರೆ ಆ ಸಾಲನ್ನೇ ಬಿಡುತ್ತೇನೆ. 'ಅರೆಸ್ಟೆಡ್ ಫಾರ್ ಮರ್ಡರ್' ಎಂದು ಬರೆದರೆ ನ್ಯಾಯಾಲಯಕ್ಕೂ ಮುಂಚೆ ನಾವೇ ತೀರ್ಪು ಕೊಟ್ಟ ಹಾಗೆ. 'ಆನ್ ಸಸ್ಪಿಷನ್ ಆಫ್' ಎಂಬುದು ಉದ್ದವಾದರೂ ಅದೇ ಇರಲಿ. ಹಾಗಂತ ಪ್ರತಿ ಸಾಲಿಗೂ 'ಅಲೆಜೆಡ್ಲಿ' (ಆರೋಪದ ಪ್ರಕಾರ) ಎಂದು ಉದುರಿಸುವುದೂ ಬೇಡ. ಸಾವು ಸಂಭವಿಸಿದ್ದು ಖಚಿತ, ಯಾರಿಂದ ಎಂಬುದಷ್ಟೇ ಆರೋಪ. ಪದ ಅಲ್ಲಿಗೆ ಮಾತ್ರ ಸೇರಬೇಕು.

'ಸೆಡ್' ಮತ್ತೆ ಮತ್ತೆ ಬರುತ್ತದೆಂದು ಬೇಸರಪಟ್ಟು ಅನುವಾದಕರು 'ಕ್ಲೇಮ್ಡ್', 'ಅಡ್ಮಿಟೆಡ್' ಎಂದು ಬದಲಿಸುತ್ತಾರೆ. ಮೊದಲನೆಯದರಲ್ಲಿ ನಮ್ಮ ಅನುಮಾನವಿದೆ, ಎರಡನೆಯದರಲ್ಲಿ ಮಾತು ಆಡಿದವರ ತಪ್ಪೊಪ್ಪಿಗೆ. ನಾನು ಎಲ್ಲವನ್ನೂ 'ಸೆಡ್'ಗೇ ಮರಳಿಸುತ್ತೇನೆ. ಓದುಗರ ಕಣ್ಣಿಗೆ ಅದು ಚುಚ್ಚುವುದೇ ಇಲ್ಲ.

ಉದ್ಧರಣ ಚಿಹ್ನೆಯೊಳಗಿನ ಮಾತು ಆಡಿದವರದು, ನಮ್ಮದಲ್ಲ. ಬೀದಿಯಲ್ಲಿ ಸಿಟ್ಟಿನಿಂದ ಆಡಿದ್ದು ಇಂಗ್ಲಿಷಿನಲ್ಲಿ ಕಚೇರಿಯ ಸುತ್ತೋಲೆಯಂತೆ ಕೇಳಿಸಬಾರದು. ಅನುವಾದ ತೀರ ಕುಂಟುತ್ತಿದ್ದರೆ ಚಿಹ್ನೆ ತೆಗೆದು ಪರೋಕ್ಷ ಮಾತಾಗಿಸುತ್ತೇನೆ, ಖಚಿತವಾಗಿ ದಾಟಿಸಬಲ್ಲ ಒಂದೆರಡು ಪದಗಳನ್ನಷ್ಟೇ ಚಿಹ್ನೆಯೊಳಗೆ ಉಳಿಸುತ್ತೇನೆ.

ಉಳಿದವು ಬೇಗ ಮುಗಿಯುತ್ತವೆ. 'ಅವರು' ಎಂದಿದ್ದರೆ ಗಂಡೋ ಹೆಣ್ಣೋ ಎಂದು ಕೇಳಿಯೇ ಬರೆಯುವುದು, ಹೆಸರು ನೋಡಿ ಊಹಿಸದಿರುವುದು. 'ನಿನ್ನೆ' ಇದ್ದಲ್ಲಿ ಸೋಮವಾರ, ಮಂಗಳವಾರ ಎಂದು ದಿನದ ಹೆಸರು ಹಾಕುವುದು. ಹೊರದೇಶದ ಓದುಗರಿಗಾದರೆ 10 ಲಕ್ಷವನ್ನು 1 ಮಿಲಿಯನ್, 1 ಕೋಟಿಯನ್ನು 10 ಮಿಲಿಯನ್ ಮಾಡಿ, ಸೊನ್ನೆಗಳನ್ನು ಇನ್ನೊಮ್ಮೆ ಎಣಿಸುವುದು. ಮೊದಲ ಸಲ ಬಂದ ವ್ಯಕ್ತಿಗೋ ವಸ್ತುವಿಗೋ 'ದಿ' ಅಂಟಿಕೊಂಡಿದ್ದರೆ ಓದುಗರು ಹಿಂದಿನ ಪ್ಯಾರಾದಲ್ಲಿ ಏನೋ ತಪ್ಪಿಸಿಕೊಂಡೆವು ಅಂದುಕೊಳ್ಳುತ್ತಾರೆ, ಹಾಗಾಗಿ ಅದನ್ನೂ ನೋಡುತ್ತೇನೆ.

ತಿದ್ದಿದ ಪ್ರತಿ ವರದಿಗಾರರಿಗೆ ವಾಪಸ್ ಹೋಗುತ್ತದೆ. 'ನಾನು ಹೀಗೆ ಹೇಳಿರಲಿಲ್ಲ' ಎಂದರೆ ಎಷ್ಟೇ ಚೆಂದದ ವಾಕ್ಯವಾದರೂ ಕೈಬಿಡುತ್ತೇನೆ. ಶೀರ್ಷಿಕೆ ಬರೆಯುವುದು ಇದೆಲ್ಲ ಆದ ಮೇಲೆಯೇ. ಆರೋಪದ ಸುದ್ದಿಯಾದರೆ ಅಲ್ಲೂ 'ಪೊಲೀಸ್ ಸೇ' ಎಂಬುದಕ್ಕೆ ಜಾಗ ಹೊಂದಿಸುತ್ತೇನೆ, ಏಕೆಂದರೆ ಅದೊಂದು ಸಾಲನ್ನಷ್ಟೇ ಓದಿ ಮುಂದೆ ಹೋಗುವವರು ಬಹಳ.